ಕೈ ಜಾರಿದ ಲಾಲಸಾಬ

ಸಾರಂಗನ ಗೊರಸು ಕೊಯ್ದವನು ನಾನು. ಲಾಲಸಾಬ ಕಾಕಾ ಅಲ್ಲ. ಇಷ್ಟು ಬರೆಯಲು ನನಗೆ ನಲವತ್ತು ವರ್ಷ ಬೇಕಾಯಿತು — ಬರೆದ ಮೇಲೆ ನೋಡಿದರೆ ಒಂದು ಸಾಲೂ ತುಂಬಿಲ್ಲ.

ಸಾರಂಗ ನಮ್ಮ ಮನೆಯ ಎತ್ತು. ಲಾಲಸಾಬ ಕಾಕಾ ನಮ್ಮೂರಿನ ಎತ್ತುಗಳಿಗೆಲ್ಲ ನಾಲು, ಎಂದರೆ ಕಬ್ಬಿಣದ ಲಾಳ, ಬಡಿಯುತ್ತಿದ್ದವರು. ನಾನು ಸಂಗಪ್ಪ, ಪ್ರಾಥಮಿಕ ಶಾಲೆಯ ಮಾಸ್ತರನಾಗಿ ನಿವೃತ್ತನಾಗಿ ಈಗ ಬಾಗಲಕೋಟೆಯ ನವನಗರದಲ್ಲಿದ್ದೇನೆ. ಊರು ಹುನಗುಂದದ ಹತ್ತಿರ. ಅದರ ಹೆಸರು ಬರೆಯುವುದಿಲ್ಲ, ಏಕೆಂದರೆ ತಪ್ಪು ಊರಿನದಲ್ಲ. ‘ಸುಳ್ಳು ಹೇಳಬಾರದು’ ಎಂದು ಮೂವತ್ತೇಳು ವರ್ಷ ಕಪ್ಪು ಹಲಗೆಯ ಮೇಲೆ ಬರೆದು ಮಕ್ಕಳಿಂದ ತಿದ್ದಿಸಿದ್ದೇನೆ. ನನ್ನ ಅಕ್ಷರ ಮುತ್ತಿನಂತಿದೆ ಎಂದು ಎಲ್ಲರೂ ಹೊಗಳುತ್ತಿದ್ದರು. ನನಗೂ ಆ ಹೊಗಳಿಕೆ ಇಷ್ಟವಾಗುತ್ತಿತ್ತು, ಸುಳ್ಳೇಕೆ ಹೇಳಲಿ.

ಈ ವರ್ಷ ಬಿಳಿಜೋಳ ಕೊಯ್ದಾದ ಮೇಲೆ ನಮ್ಮ ಹೊಲಕ್ಕೆ ಟ್ರ್ಯಾಕ್ಟರ್ ಹೊಡೆಸಿದೆವು. ಹೊಲವನ್ನು ಪಾಲಿಗೆ ಮಾಡುತ್ತಿರುವವನು ಈರಣ್ಣ, ದೂರದ ಸಂಬಂಧದಲ್ಲಿ ನನಗೆ ಅಳಿಯನಾಗಬೇಕು. ಈ ಸಲ ಆಳವಾಗಿ ಉಳುಮೆ ಮಾಡಿಸೋಣ, ಕರಿಕೆ ಹುಲ್ಲಿನ ಬೇರು ಕಿತ್ತು ಬರಲಿ ಎಂದು ಅವನೇ ಹಟ ಹಿಡಿದಿದ್ದ. ಮಧ್ಯಾಹ್ನದ ಹೊತ್ತಿಗೆ ನೇಗಿಲಿನ ಬಾಯಿಗೆ ಏನೋ ಸಿಕ್ಕಿ ಠಣ್ ಎಂದಿತಂತೆ. ಬೇರು ಬರಲಿಲ್ಲ, ಕಬ್ಬಿಣ ಬಂತು.

ಮೊಳಕ್ಕಿಂತ ಸ್ವಲ್ಪ ಉದ್ದ. ಒಂದು ತುದಿ ಅಂಗೈ ಅಗಲಕ್ಕೆ ಚಪ್ಪಟೆಯಾಗಿ, ಅಂಚು ಮೇಲಕ್ಕೆ ತುಸು ಎದ್ದಿದೆ. ಇನ್ನೊಂದು ತುದಿ ಬಾಗಿ ಬಾಗಿ ಅರ್ಧ ಬಟ್ಟಲಿನಂತಾಗಿದೆ. ಹಿಡಿಕೆ ಎನ್ನಲು ಹಿಡಿಯುವ ಹಾಗಿಲ್ಲ, ಕೊಕ್ಕೆ ಎನ್ನಲು ಏನನ್ನೂ ನೇತುಹಾಕುವ ಹಾಗಿಲ್ಲ. ಊರ ಹುಡುಗರು ಫೋಟೋ ತೆಗೆದು ಊರಿನ ವಾಟ್ಸಾಪ್ ಗುಂಪಿಗೆ ಹಾಕಿದರು. ಸಂಜೆಯೊಳಗೆ ಮೂವತ್ತು ಜನ ಮೂವತ್ತು ಹೇಳಿದರು. ಬಾದಾಮಿಯ ಅರಸರ ಕಾಲದ ಆಯುಧ ಎಂದು ಒಬ್ಬ. ಆನೆಯ ಅಂಕುಶ ಎಂದು ಇನ್ನೊಬ್ಬ. ಹಳೆಯ ವೈದ್ಯರು ಹೆರಿಗೆಗೆ ಬಳಸುತ್ತಿದ್ದದ್ದು ಎಂದು ಮತ್ತೊಬ್ಬ ಬರೆದು, ಹೆಂಗಸರಿಂದ ಬೈಸಿಕೊಂಡ. ಮರುದಿನ ಈರಣ್ಣ ಅದನ್ನು ಗೋಣಿತಟ್ಟಿನಲ್ಲಿ ಸುತ್ತಿಕೊಂಡು ನವನಗರಕ್ಕೇ ಬಂದ.

‘ನಿಮ್ಮ ಹೊಲದಾಗ ಸಿಕ್ಕೈತ್ರಿ ಮಾಮಾ. ನೀವು ಓದಿದವ್ರು. ನೀವು ಏನಂತೀರಿ ಅದ ಖರೆ’ ಎಂದ.

ತಟ್ಟು ಬಿಚ್ಚುವ ಮೊದಲೇ ನನಗೆ ಗೊತ್ತಾಗಿತ್ತು. ಬಿಚ್ಚಿದ ಮೇಲೆ ಕುತ್ತಿಗೆಯ ಹತ್ತಿರ ಒತ್ತಿದ್ದ ಮೂರು ಚುಕ್ಕೆಗಳನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿದೆ. ತುಕ್ಕಿನ ಕೆಳಗೆ ಮೂರೂ ಇದ್ದವು. ಅದು ಲಾಲಸಾಬ ಕಾಕಾನ ತಂದೆ ತಮ್ಮ ಸಾಮಾನುಗಳ ಮೇಲೆಲ್ಲ ಹಾಕಿಕೊಂಡಿದ್ದ ಗುರುತು. ಗೊರಸು ಕೆತ್ತುವ ಉಳಿ ಅದು. ಅವರ ಮನೆಯಲ್ಲಿ ಅದನ್ನು ‘ತರಾಸ’ ಎನ್ನುತ್ತಿದ್ದರು. ಆ ಬಾಗಿದ ತುದಿ ಕೈಗಲ್ಲ, ಸೊಂಟಕ್ಕೆ. ಅದನ್ನು ಸೊಂಟಕ್ಕೆ ಆನಿಸಿ, ಎರಡೂ ಕೈಯಿಂದ ಅಲಗನ್ನು ನಡೆಸುತ್ತ, ಮೈಭಾರವನ್ನು ಇಷ್ಟಿಷ್ಟೇ ಬಿಡುತ್ತ ಗೊರಸಿನ ಪದರ ತೆಗೆಯಬೇಕು. ಇದೆಲ್ಲ ನನಗೆ ಗೊತ್ತಿತ್ತು — ಹೇಳಲು ಒಂದು ನಿಮಿಷ ಸಾಕಿತ್ತು.

‘ಭಾಳ ಹಳೇದು ಕಾಣ್ತೈತಿ. ಏನಂತ ಹೇಳಾಕ ಬರೂದಿಲ್ಲ’ ಎಂದೆ.

‘ಶರಣರ ಕಾಲದ್ದು ಇರಬಹುದೇನ್ರಿ? ಸಂಗಮ ಇಲ್ಲೇ ಸಮೀಪ ಐತಿ. ಆಗೆಲ್ಲ ಶರಣರು ಕಾಯಕ ಮಾಡಾವ್ರು, ಯಾರದೋ ಉಳಿ ಇರಬೇಕು.’

ನಾನು ತಲೆಯಾಡಿಸಿದೆ. ಹೌದು ಎಂದೂ ಅಲ್ಲ, ಇಲ್ಲ ಎಂದೂ ಅಲ್ಲ — ಆದರೆ ಮಾಸ್ತರನ ತಲೆಯಾಡಿಸುವಿಕೆಗೆ ಊರಿನಲ್ಲಿ ಒಂದೇ ಅರ್ಥ. ಸೋಮವಾರ ಅದನ್ನು ಎಣ್ಣೆ ಹಚ್ಚಿ ತಿಕ್ಕಿ, ವಿಭೂತಿ ಬಳಿದು, ಊರ ಬಸವಣ್ಣನ ಗುಡಿಯಲ್ಲಿ ಹಲಗೆಯ ಮೇಲಿಟ್ಟರು. ನನ್ನನ್ನೂ ಕರೆದಿದ್ದರು. ನಾನು ಹೋದೆ. ಎಲ್ಲರ ಜೊತೆ ನಾನೂ ಅದಕ್ಕೆ ಕೈಮುಗಿದೆ. ಇದನ್ನೂ ಬರೆಯಬೇಕು, ಬಿಡಬಾರದು.

ಈಗ ನಲವತ್ತು ವರ್ಷ ಹಿಂದಿನ ಆ ಶುಕ್ರವಾರದ ಮಾತು.

ಕಾರಹುಣ್ಣಿಮೆಗೆ ಇನ್ನೂ ಎರಡು ವಾರವಿತ್ತು. ಕೆರೂರಿನ ಕಡೆ ತೆರಬಂಡಿ ಸ್ಪರ್ಧೆ ಇಟ್ಟಿದ್ದರು. ಚಕ್ರ ಉರುಳದಂತೆ ಕಟ್ಟಿ, ಮೇಲೆ ಕಲ್ಲು ಹೇರಿದ ಬಂಡಿಯನ್ನು ಎತ್ತುಗಳು ಎಳೆಯಬೇಕು. ನನಗೆ ಆಗ ಇಪ್ಪತ್ತೆರಡು. ಮಾಸ್ತರಿಕೆಯ ಟ್ರೇನಿಂಗ್ ಮುಗಿಸಿ ಕೆಲಸದ ಹಾದಿ ಕಾಯುತ್ತಿದ್ದೆ. ಅಲ್ಲಿಯವರೆಗೆ ಸಾರಂಗನೇ ನನ್ನ ಕೆಲಸ. ಅವನ ಮೈ ತಿಕ್ಕುವುದು, ಹುರುಳಿ ತಿನ್ನಿಸುವುದು, ಊರ ಮುಂದೆ ಹಾಯಿಸುವುದು, ನಾಲ್ಕು ಜನ ನೋಡಿದರೆ ಮೀಸೆ ತಿರುವುವುದು. ಸ್ಪರ್ಧೆಗೆ ಮೊದಲು ಹೊಸ ನಾಲು ಬಡಿಸಲು ಅಪ್ಪ ಲಾಲಸಾಬ ಕಾಕಾನನ್ನು ಕರೆಸಿದರು. ಎತ್ತಿನ ಒಂದೊಂದು ಕಾಲಿಗೂ ಸೀಳಿದ ಗೊರಸಿನ ಎರಡು ಭಾಗಕ್ಕೆ ಎರಡು ನಾಲು, ಒಟ್ಟು ಎಂಟು.

ರಮಜಾನ್ ತಿಂಗಳು. ಆ ಬಿಸಿಲಿನಲ್ಲಿ ಕಾಕಾ ಹನಿ ನೀರಿಲ್ಲದೆ ಬೇವಿನ ಗಿಡದ ಬುಡದಲ್ಲಿ ಕೆಲಸ ಮಾಡಿದರು. ಸಾರಂಗನನ್ನು ಹಗ್ಗ ಹಾಕಿ ಕೆಡವಿ ನಾಲ್ಕೂ ಕಾಲಿನ ಗೊರಸು ಕೆತ್ತಿದರು. ಮುಂದಿನ ಬಲಗಾಲಿನ ಹೊರ ಗೊರಸು ತುಸು ಎತ್ತರವಾಗಿದೆ ಎಂದು ನನಗೆ ಕಂಡಿತು. ತೆಳ್ಳಗೆ ಕೆತ್ತಿದಷ್ಟೂ ನಾಲು ಗಟ್ಟಿ ಕೂರುತ್ತದೆ, ಕಲ್ಲುನೆಲದಲ್ಲಿ ಕಾಲು ಜಾರುವುದಿಲ್ಲ ಎಂದು ಸ್ಪರ್ಧೆಯ ಹುರಿಯಾಳುಗಳು ಯಾರೋ ನನ್ನ ಕಿವಿಯಲ್ಲಿ ತುಂಬಿದ್ದರು.

‘ಇನ್ನೊಂದೀಟು ತಗೀರಿ ಕಾಕಾ’ ಎಂದೆ.

‘ಸಾಕೋ ಸಂಗೂ. ಇನ್ನೊಂದು ಪದರ ತಗದ್ರ ಜೀವಕ್ಕ ಹತ್ತತೈತಿ’ ಎಂದು ನಕ್ಕು, ಸಾರಂಗನ ಹಗ್ಗ ಬಿಚ್ಚಿ ನಿಲ್ಲಿಸಿದರು. ಗೊರಸಿನೊಳಗಿನ ಹಸಿ ಮಾಂಸಕ್ಕೆ ಅವರು ‘ಜೀವ’ ಎನ್ನುತ್ತಿದ್ದರು. ಶುಕ್ರವಾರದ ನಮಾಜಿಗೆ ಹೊತ್ತಾಗಿತ್ತು. ಬಂದು ನಾಲು ಬಡಿಯುತ್ತೇನೆ ಎಂದು ಚೀಲ ಅಲ್ಲೇ ಬಿಟ್ಟು ಹೋದರು. ಅಪ್ಪ ಊಟಕ್ಕೆ ಒಳಗೆ ಹೋದರು.

ನಾನು ತರಾಸ ಎತ್ತಿಕೊಂಡೆ. ಸಾರಂಗ ನನ್ನ ಮಾತು ಕೇಳುತ್ತಿದ್ದ; ಮುಂಗಾಲು ಮಡಚಿ ನನ್ನ ತೊಡೆಯ ಮೇಲಿಟ್ಟುಕೊಂಡರೆ ಕೊಟ್ಟ. ಕಾಕಾ ಮಾಡಿದಂತೆಯೇ ಬಾಗಿದ ತುದಿಯನ್ನು ಸೊಂಟಕ್ಕೆ ಆನಿಸಿದೆ. ಮೈಭಾರ ಇಷ್ಟಿಷ್ಟೇ ಬಿಡಬೇಕೆಂದು ಆಗ ನನಗೆ ಗೊತ್ತಿರಲಿಲ್ಲ. ಒಮ್ಮೆಲೇ ಬಿಟ್ಟೆ.

ಸಾರಂಗ ಕೂಗಲಿಲ್ಲ. ಕಾಲನ್ನು ಎಳೆದುಕೊಂಡ, ಅಷ್ಟೆ. ಗೊರಸಿನ ನಡುವೆ ಒಂದು ಕೆಂಪು ಗೆರೆ ಎದ್ದು ನಿಧಾನವಾಗಿ ಒಸರತೊಡಗಿತು. ಆಗಲೂ — ಆಗಲೂ ಕಾಲವಿತ್ತು. ಅಪ್ಪನನ್ನು ಕೂಗಬಹುದಿತ್ತು, ಕಾಕಾ ಬಂದು ಅರಿಸಿನ ಎಣ್ಣೆ ಹಾಕಿ ಕಟ್ಟಬಹುದಿತ್ತು, ಸ್ಪರ್ಧೆ ಒಂದು ತಪ್ಪುತ್ತಿತ್ತು. ನಾನು ಹಿಡಿ ಎರಿಮಣ್ಣು ತಂದು ಗಾಯಕ್ಕೆ ಒತ್ತಿದೆ. ರಕ್ತ ನಿಂತಿತು. ತರಾಸದ ಅಲಗಿಗೂ ರಕ್ತ ಹತ್ತಿತ್ತು. ಹಿತ್ತಲಿಗೆ ಹತ್ತಿದ್ದೇ ನಮ್ಮ ಹೊಲ. ಬೇಸಿಗೆಗೆ ಕರಿನೆಲ ಬಾಯಿಬಿಟ್ಟಿತ್ತು. ಭುಜದವರೆಗೆ ತೋಳು ಹೋಗುವಂಥ ಬಿರುಕು. ಓಡಿಹೋಗಿ ಒಂದು ಬಿರುಕಿನಲ್ಲಿ ಅದನ್ನು ಇಳಿಬಿಟ್ಟೆ. ಬಿದ್ದ ಸದ್ದೂ ಕೇಳಲಿಲ್ಲ.

ಕಾಕಾ ನಮಾಜಿನಿಂದ ಬಂದು ಚೀಲದಲ್ಲಿ ಹುಡುಕಿದರು, ಗಿಡದ ಸುತ್ತ ಹುಡುಕಿದರು. ‘ಎಲ್ಲಿ ಹೋತೋ ಸಂಗೂ? ನಮ್ಮಪ್ಪಂದು ಅದು’ ಎಂದರು. ನೋಡಿಲ್ಲ ಎಂದೆ. ಕೆತ್ತುವುದು ಮುಗಿದಿತ್ತಲ್ಲ, ಅವರ ಬಾಯಿ ಒಣಗಿ ತುಟಿ ಬಿಳುಪೇರಿತ್ತು, ಸಾರಂಗನನ್ನು ಮತ್ತೆ ಕೆಡವಿ ಗೊರಸಿನ ಮಣ್ಣನ್ನು ಬಟ್ಟೆಯಿಂದ ಮೇಲೆಮೇಲೆ ಒರೆಸಿ ನಾಲು ಬಡಿದರು. ಮಣ್ಣು ತುಂಬಿದ ಗಾಯದ ಮೇಲೆ ಕಬ್ಬಿಣ ಕೂತಿತು. ನಾನು ಸಾರಂಗನ ಹಣೆ ಸವರುತ್ತ ಕೂತಿದ್ದೆ.

ಮೂರನೆಯ ದಿನ ಸಾರಂಗ ಕುಂಟಿದ. ಎಂಟನೆಯ ದಿನ ಕಾಲು ನೆಲಕ್ಕೂರಲಿಲ್ಲ. ನಾಲು ಕಿತ್ತಾಗ ಕೀವು ಸುರಿಯಿತು. ಅಪ್ಪನ ಸಿಟ್ಟು ಊರಿಗೆಲ್ಲ ಗೊತ್ತಿದ್ದದ್ದೇ. ಕಟ್ಟೆಯ ಮೇಲೆ ಹತ್ತು ಜನ ಹಿರಿಯರನ್ನು ಕೂಡಿಸಿ ಕಾಕಾನನ್ನು ಕರೆಸಿದರು. ಕಾಕಾ ಕೈಕಟ್ಟಿ ನಿಂತು, ‘ನಾ ಜೀವಕ್ಕ ಹಚ್ಚಿಲ್ರಿ ಗೌಡ್ರ, ನನಗ ನೆಪ್ಪೈತಿ’ ಎಂದರು. ಆಗ ಅಪ್ಪ ನನ್ನ ಕಡೆ ತಿರುಗಿದರು.

‘ನೀ ಅಲ್ಲೇ ಇದ್ದ್ಯಲ್ಲ. ಏನ್ ನೋಡಿದಿ ಹೇಳು.’

ಗೊತ್ತಿಲ್ಲ ಎಂದರೂ ಆಗುತ್ತಿತ್ತು. ಅದನ್ನು ಎಷ್ಟು ಸಲ ಯೋಚಿಸಿದ್ದೇನೆ! ಹೇಡಿಗೂ ಒಂದು ಹಾದಿ ಇತ್ತು. ನಾನು ಅದಕ್ಕಿಂತ ಕೆಳಗಿನ ಹಾದಿ ಹಿಡಿದೆ.

‘ಕಾಕಾನ ಕೈ ಜಾರ್ತು. ನಾ ನೋಡೇನಿ’ ಎಂದೆ.

ಕಟ್ಟೆಯ ಮೇಲೆ ಗದ್ದಲವಾಗುತ್ತದೆ ಎಂದುಕೊಂಡಿದ್ದೆ, ಕಾಕಾ ನನ್ನನ್ನು ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ಮುಖ ನೋಡಿದರು. ಆಮೇಲೆ ತಮ್ಮ ಬಲಗೈ ತಿರುಗಿಸಿ ಅಂಗೈ ನೋಡಿಕೊಂಡರು.

‘ಸಂಗೂ ಸುಳ್ಳು ಹೇಳಾಂವ ಅಲ್ಲ. ಅಂವ ಹೇಳಿದ್ರ ಖರೆ ಇರಬೇಕು. ಅವತ್ತ ಬಿಸಿಲಿಗೆ ಕಣ್ಣಿಗೆ ಕತ್ತಲಿ ಬಂದಂಗ ಆಗಿತ್ತು’ ಎಂದರು.

ಅಲ್ಲಿಗೆ ಮುಗಿಯಿತು. ಯಾರೂ ದಂಡ ಹಾಕಲಿಲ್ಲ, ಯಾರೂ ಹೊಡೆಯಲಿಲ್ಲ. ಆದರೆ ಆಮೇಲೆ ಊರಿನ ಯಾವ ಎತ್ತೂ ಅವರ ಮುಂದೆ ಮಲಗಲಿಲ್ಲ. ಮಳೆಗಾಲ ಮುಗಿಯುವುದರೊಳಗೆ ಅವರು ಹೆಂಡತಿ, ಮಗಳನ್ನು ಕರೆದುಕೊಂಡು ಇಳಕಲ್ಲಿಗೆ, ಮಾವನ ಮನೆಗೆ ಹೋದರು. ಅಲ್ಲಿ ಸೀರೆಯ ಮಗ್ಗಕ್ಕೆ ನೂಲು ಸುತ್ತುತ್ತಾರೆ ಎಂದು ಯಾರೋ ಹೇಳಿದರು. ಸಾರಂಗನನ್ನು ಅಪ್ಪ ಕೆರೂರ ಸಂತೆಯಲ್ಲಿ ಮಾರಿದರು. ಕೊಂಡವರು ಯಾರೆಂದು ಅಪ್ಪ ಹೇಳಲಿಲ್ಲ, ನಾನು ಕೇಳಲಿಲ್ಲ. ನನಗೆ ಮುಂದಿನ ವರ್ಷ ಕೆಲಸ ಸಿಕ್ಕಿತು. ಅಪ್ಪ ತೀರಿಕೊಳ್ಳುವ ಮೊದಲೂ ನಾನು ಬಾಯಿ ಬಿಡಲಿಲ್ಲ. ಮಗ್ಗುಲಲ್ಲೇ ಇಳಕಲ್ಲು, ಬಸ್ಸಿನಲ್ಲಿ ಎಷ್ಟು ಸಲ ಹೋಗಿಬಂದಿದ್ದೇನೆ. ಅವರ ಓಣಿಯ ಕಡೆ ತಿರುಗಲಿಲ್ಲ.

ಗುಡಿಯಲ್ಲಿ ತರಾಸವಿಟ್ಟು ಹದಿನೈದು ದಿನವಾಗಿರಬೇಕು. ಹೊಲ ನೋಡಲು ಊರಿಗೆ ಹೋಗಿ ಈರಣ್ಣನ ಮನೆಯ ಪಡಸಾಲೆಯಲ್ಲಿ ಕೂತಿದ್ದೆ. ಐವತ್ತರ ಆಸುಪಾಸಿನ ಹೆಣ್ಣುಮಗಳೊಬ್ಬಳು ಬುರ್ಖಾದ ಮೇಲಿನ ಧೂಳು ಕೊಡವುತ್ತ ಬಂದಳು.

‘ಗುರ್ತು ಸಿಕ್ತೇನ್ರಿ? ನಾ ಮಾಬೂಬಿ. ಲಾಲಸಾಬನ ಮಗಳು’ ಎಂದಳು.

ಸಣ್ಣವಳಿದ್ದಾಗ ಅಪ್ಪನ ಚೀಲ ಹಿಡಿದು ನಮ್ಮ ಮನೆಗೆ ಬರುತ್ತಿದ್ದಳು. ಅವಳ ಮಗನ ಮೊಬೈಲಿಗೆ ಯಾರಿಂದಲೋ ಆ ಫೋಟೋ ಬಂದಿತ್ತಂತೆ. ಅಜ್ಜನಿಗೆ ತೋರಿಸಿದನಂತೆ. ಅಜ್ಜ ಒಂದೇ ನೋಟಕ್ಕೆ, ‘ಅದು ನಮ್ಮಪ್ಪನ ತರಾಸ’ ಎಂದು ಎದ್ದು ಕೂತರಂತೆ.

‘ಒಮ್ಮೆ ಕೈಯಾಗ ಹಿಡೀಬೇಕಂತಾರ್ರಿ. ದೇವರಾಗೇತಿ ಅಂತ ಕೇಳೇನಿ, ಇಸ್ಕೊಂಡು ಹೋಗೂದಿಲ್ಲ, ತೋರ್ಸಿ ತಂದು ಕೊಡ್ತೇನಿ. ನೀವು ಒಂದ್ ಮಾತು ಹೇಳ್ರಿ ಗುಡ್ಯಾಗ.’

ಅವರು ಹೇಗಿದ್ದಾರೆ ಎಂದು ಕೇಳಿದೆ. ಕೇಳಬೇಕೆಂದು ಕೇಳಿದ್ದಲ್ಲ, ಸುಮ್ಮನಿರಲಾರದೆ ಕೇಳಿದ್ದು. ಆಗ ಅವಳು ಹೇಳಿದಳು.

ಕಾಕಾಗೆ ಎಂಬತ್ತು ದಾಟಿದೆ. ಸಕ್ಕರೆ ಕಾಯಿಲೆ. ರಮಜಾನಿನಲ್ಲಿ ಉಪವಾಸ ಬೇಡ ಎಂದು ಡಾಕ್ಟರರೂ ಹೇಳಿದ್ದಾರೆ, ಮಸೀದಿಯ ಗುರುಗಳೂ ಹೇಳಿದ್ದಾರೆ. ಆ ಮೂವತ್ತನ್ನು ಅವರು ಬಿಟ್ಟಿದ್ದಾರೆ. ಆದರೆ ಹಬ್ಬ ಮುಗಿದ ಮೇಲೆ ಎಂಟು ದಿನ ರೋಜಾ ಹಿಡಿಯುತ್ತಾರೆ. ಅದನ್ನು ಮಾತ್ರ ಬಿಡುವುದಿಲ್ಲ.

‘ನಲವತ್ತು ವರ್ಷದಿಂದ್ರಿ. ಉಪಾಸದಾಗ ಮೂಕ ಪ್ರಾಣಿ ಕಾಲು ಕೆಡಿಸೀನಿ, ಎಂಟು ನಾಲಿನ ಲೆಕ್ಕಕ್ಕ ಎಂಟು ರೋಜಾ ಅಂತಾರ. ಯಾರ್ ಹೇಳಿದ್ರೂ ಕೇಳಂಗಿಲ್ಲ. ಹ್ವಾದ ವರ್ಷ ಐದನೇದ್ದಕ್ಕ ಎಚ್ಚರ ತಪ್ಪಿ ಬಿದ್ರು, ದವಾಖಾನಿಗೆ ಹಾಕಿದ್ವಿ. ಈ ವರ್ಷನೂ ಹಿಡದಾರ. ಇವತ್ತಿಗೆ ಆರನೇದು.’

ಅವಳು ಇದನ್ನು ದೂರುವಂತೆ ಹೇಳಲಿಲ್ಲ, ಮುಪ್ಪಿನ ಹಟ ಎಂಬಂತೆ ಹೇಳಿದಳು. ಈರಣ್ಣನ ಹೆಂಡತಿ ಚಹಾ ತಂದಿಟ್ಟಳು. ನಾನು ಲೋಟ ಹಿಡಿದು ಕೂತಿದ್ದೆ. ಅವರ ಕೆಲಸ ಹೋಯಿತು, ಹೆಸರು ಹೋಯಿತು ಎಂದಷ್ಟೇ ಇಷ್ಟು ವರ್ಷ ಅಂದುಕೊಂಡಿದ್ದೆ. ತಾನು ಮಾಡಿಲ್ಲ ಎಂಬುದಾದರೂ ಅವರಿಗೆ ಗೊತ್ತಿರುತ್ತದೆ, ಮನಸ್ಸಿನಲ್ಲಾದರೂ ನನಗೆ ಶಾಪ ಹಾಕುತ್ತಿರುತ್ತಾರೆ — ಆ ಯೋಚನೆಯಲ್ಲಿ ನನಗೊಂದು ಸಮಾಧಾನವಿತ್ತು. ಅವರು ನನ್ನನ್ನು ನಂಬಿದ್ದರು. ನನ್ನ ಸುಳ್ಳನ್ನು ತಮ್ಮ ಪಾಪ ಮಾಡಿಕೊಂಡು ನಲವತ್ತು ವರ್ಷ ಹಸಿದಿದ್ದರು.

ಎದ್ದು ಗುಡಿಗೆ ಹೋದೆ. ಮಾಬೂಬಿ ಹೊರಗೆ ಕಟ್ಟೆಯ ಹತ್ತಿರ ನಿಂತಳು. ಒಳಗೆ ಪೂಜಾರಿ, ಈರಣ್ಣ, ಒಂದಿಷ್ಟು ಹುಡುಗರು, ಮತ್ತೆ ಆ ದಿನ ಕಟ್ಟೆಯ ಮೇಲೆ ಕೂತಿದ್ದವರಲ್ಲಿ ಉಳಿದಿರುವ ಒಬ್ಬರೇ ಒಬ್ಬರು, ಮುದುಕಪ್ಪ.

‘ಇದು ಶರಣರ ಕಾಲದ್ದಲ್ಲ. ಎತ್ತಿನ ಗೊರಸು ಕೆತ್ತೂ ತರಾಸ. ಲಾಲಸಾಬ ಕಾಕಾಂದು. ನೋಡಿದ ಕೂಡ್ಲೆ ನನಗ ಗೊತ್ತಾಗಿತ್ತು’ ಎಂದೆ.

ಹುಡುಗರು ಮುಖ ಮುಖ ನೋಡಿಕೊಂಡರು. ಯಾವ ಲಾಲಸಾಬ ಎಂದು ಅವರಿಗೆ ಗೊತ್ತಿಲ್ಲ. ಮುದುಕಪ್ಪನೇ ವಿವರಿಸಿದರು.

‘ಅಂವನೋ, ಕೈ ಜಾರಿದ ಲಾಲಸಾಬ!’

ಊರಿನಲ್ಲಿ ಅವರಿಗೆ ಆ ಹೆಸರು ಬಿದ್ದಿತ್ತು ಎಂದು ನನಗೆ ಗೊತ್ತಿರಲಿಲ್ಲ. ನಾನು ಹೇಳಿದ ಮಾತು. ಅದನ್ನು ಊರು ಅಂಗಿಯ ಹಾಗೆ ಅವರಿಗೆ ತೊಡಿಸಿ ಕಳಿಸಿತ್ತು. ಹೊರಗೆ ಮಾಬೂಬಿ ತಲೆ ತಗ್ಗಿಸಿದ್ದು ಕಂಡಿತು. ಆ ಹೆಸರು ಅವಳಿಗೆ ಹೊಸದಾಗಿರಲಿಲ್ಲ.

‘ಅವರ ಕೈ ಜಾರಿಲ್ಲ. ಕೊಯ್ದಾಂವ ನಾ. ಮಣ್ಣು ತುಂಬಿದಾಂವ ನಾ. ಇದನ್ನ ಭೂಮ್ಯಾಗ ಹಾಕಿದಾಂವನೂ ನಾನ’ ಎಂದೆ. ಒಂದೊಂದೇ ಹೇಳಿದೆ. ಈರಣ್ಣ ನನ್ನನ್ನು ನೋಡದೆ ಹಲಗೆಯ ಮೇಲಿನ ತರಾಸವನ್ನು ಎತ್ತಿ, ವಿಭೂತಿಯನ್ನು ತನ್ನ ಟವೆಲಿನಿಂದ ಒರೆಸಿ, ಹೊರಗೆ ಹೋಗಿ ಮಾಬೂಬಿಯ ಕೈಯಲ್ಲಿ ಕೊಟ್ಟ. ಅವಳು ಅದನ್ನು ಬುರ್ಖಾದ ತುದಿಯಲ್ಲಿ ಸುತ್ತಿಕೊಂಡಳು. ನಾನೂ ಅವಳ ಜೊತೆ ಹೊರಟೆ. ಹುನಗುಂದದಿಂದ ಇಳಕಲ್ಲಿನವರೆಗೆ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಕೂತಳು. ಒಮ್ಮೆಯೂ ಹಿಂದೆ ತಿರುಗಲಿಲ್ಲ. ಅವಳು ತಿರುಗಬೇಕೆಂದು ಬಯಸುವ ಹಕ್ಕೂ ನನಗಿರಲಿಲ್ಲ.

ಕಾಕಾ ಮಗ್ಗದ ಕೋಣೆಯಲ್ಲಿ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ಸಣ್ಣಗಾಗಿದ್ದರು. ನನ್ನನ್ನು ಗುರುತಿಸಿ, ‘ಸಂಗೂ! ಬಾ, ಬಾ’ ಎಂದರು. ಮಗಳು ತರಾಸ ಕೊಟ್ಟಳು. ಅದನ್ನು ತಿರುವಿ ಮೂರು ಚುಕ್ಕೆ ಹುಡುಕಿದರು, ಬಾಗಿದ ತುದಿಯನ್ನು ಕೂತಲ್ಲೇ ಸೊಂಟಕ್ಕೆ ಆನಿಸಿದರು. ಅಲಗನ್ನು ಗಾಳಿಯಲ್ಲಿ ಮೆಲ್ಲಗೆ ನಡೆಸಿದರು. ಅವರ ಕೈ ನಡುಗಲಿಲ್ಲ. ನಾನು ಅವರ ಎದುರಿಗೆ ನೆಲದ ಮೇಲೆ ಕೂತು, ಗುಡಿಯಲ್ಲಿ ಹೇಳಿದ್ದನ್ನು ಮತ್ತೆ ಹೇಳಿದೆ. ಬಿರುಕಿನವರೆಗೆ, ಕಟ್ಟೆಯ ಮೇಲಿನ ಮಾತಿನವರೆಗೆ — ಏನನ್ನೂ ಬಿಡಲಿಲ್ಲ.

ಅವರು ತರಾಸವನ್ನು ಚಾಪೆಯ ಮೇಲಿಟ್ಟರು. ಆಮೇಲೆ ಕೇಳಿದರು:

‘ಹಂಗಾದ್ರ ನಾ ಜೀವಕ್ಕ ಹಚ್ಚಿದ್ದಿಲ್ಲ?’

‘ಇಲ್ರಿ ಕಾಕಾ.’

‘ಒಂದೀಟೂ?’

‘ಒಂದೀಟೂ ಇಲ್ಲ.’

ಮಗಳ ಕಡೆ ತಿರುಗಿ, ‘ಕೇಳಿದ್ಯಾ? ನಿಮ್ಮವ್ವ ಇರಬೇಕಿತ್ತು’ ಎಂದರು. ಮಾಬೂಬಿ ಅಳುತ್ತ, ಒಂದು ತಂಬಿಗೆ ನೀರು ತಂದು ಅವರ ಮುಂದಿಟ್ಟಳು. ‘ಕುಡೀರಿ ಅಪ್ಪಾ. ಇನ್ನ ಯಾಕ? ನಿಮ್ದೇನೂ ತಪ್ಪಿಲ್ಲಲ್ಲ’ ಎಂದಳು. ನಾನೂ ಕುಡಿಯಿರಿ ಎಂದೆ. ಬೇಡಿಕೊಂಡೆ.

ಅವರು ತಂಬಿಗೆಯನ್ನು ಪಕ್ಕಕ್ಕೆ ಸರಿಸಿದರು. ಸಿಟ್ಟಿನಿಂದಲ್ಲ.

‘ಇವತ್ತಿಂದು ಹಿಡದೇನಿ, ಮುಗಸ್ತೇನಿ. ಅಲ್ಲಾಗ ಮಾತು ಕೊಟ್ಟಾಗೇತಿ’ ಎಂದರು. ನನ್ನ ಮುಖವನ್ನು ನೇರವಾಗಿ ನೋಡಿದರು, ಆ ದಿನ ಕಟ್ಟೆಯ ಮೇಲೆ ನೋಡಿದಂತೆ. ‘ಇನ್ನೂ ಎರಡು ಉಳದಾವು. ಅವು ನಿನ್ನವು.’

ಕ್ಷಮಿಸಿದ್ದೇನೆ ಎನ್ನಲಿಲ್ಲ. ಇಲ್ಲ ಎಂದೂ ಅನ್ನಲಿಲ್ಲ. ನಾನೂ ಕೇಳಲಿಲ್ಲ. ಕೇಳಿದ್ದರೆ ಅದೂ ಅವರ ಮೇಲೆ ಮತ್ತೊಂದು ಹೊರೆ.

ನವನಗರಕ್ಕೆ ಬಂದು ಹೆಂಡತಿಗೆ ಹೇಳಿದೆ. ಸಾರಂಗನ ಕತೆ ಅವಳಿಗೆ ಇದೇ ಮೊದಲು. ಅವಳು ಎರಡು ದಿನದಿಂದ ನನ್ನ ಜೊತೆ ಮಾತು ಕಡಿಮೆ ಮಾಡಿದ್ದಾಳೆ. ಆದರೆ ಬೆಳಗಿನ ಜಾವ ಎದ್ದು ಎರಡು ರೊಟ್ಟಿ ತಟ್ಟಿ ಕೊಡುತ್ತಾಳೆ. ಅದರ ಮೇಲೆ ಹೊತ್ತು ಮುಳುಗುವವರೆಗೆ ನೀರೂ ಇಲ್ಲ. ನಿನ್ನೆ ಒಂದು ಮುಗಿಯಿತು. ಇವತ್ತು ಎರಡನೆಯದು, ಮಧ್ಯಾಹ್ನ ಮೂರು ಗಂಟೆ, ನಾಲಿಗೆ ಒಣಗಿ ಅಂಗುಳಕ್ಕೆ ಅಂಟುತ್ತಿದೆ. ಈ ಬಿಸಿಲಿನಲ್ಲಿ, ಈ ಬಾಯಾರಿಕೆಯಲ್ಲಿ ಆ ಮನುಷ್ಯ ನಾಲ್ಕು ಗೊರಸು ಕೆತ್ತಿದರು, ಮತ್ತು ಅವರ ಕೈ ಜಾರಲಿಲ್ಲ.